ಸ್ಕ್ಯಾನಿಂಗ್ ಆಯ್ತು, ರಿಪೋರ್ಟ್ ಓದಿದವರು ಯಾರು? ರೇಡಿಯಾಲಜಿ ವಿಭಾಗದಲ್ಲಿ ರೋಗಿಯ ಸುರಕ್ಷತೆ: ತಿಳಿದಿರಬೇಕಾದ ಸಂಗತಿಗಳು

ಕಿಡ್ನಿ ಕಲ್ಲಿನ ನೋವು ತಾಳಲಾರದೆ ರಾತ್ರೋರಾತ್ರಿ ಆಸ್ಪತ್ರೆಗೆ ಬಂದವರಿಗೆ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕಲ್ಲು ಇದೆ ಎಂದು ಗೊತ್ತಾಗುತ್ತದೆ, ಔಷಧ ಕೊಡುತ್ತಾರೆ, ನೋವು ಇಳಿಯುತ್ತದೆ, ರೋಗಿ ಮನೆಗೆ ಹೋಗುತ್ತಾರೆ. ಅದೇ ರಿಪೋರ್ಟಿನ ಕೆಳಗಿನ ಸಾಲಿನಲ್ಲಿ 'ಶ್ವಾಸಕೋಶದ ಕೆಳಭಾಗದಲ್ಲಿ ಸಣ್ಣ ಗಂಟು ಕಾಣುತ್ತಿದೆ, ಮತ್ತೆ ಪರೀಕ್ಷೆ ಮಾಡಿಸಬೇಕು' ಎಂದು ಬರೆದಿದ್ದರೆ? ಆ ಸಾಲನ್ನು ರಾತ್ರಿ ಪಾಳಿಯ ಡಾಕ್ಟರ್ ನೋಡಿಲ್ಲ. ಬೆಳಗಿನ ಡಾಕ್ಟರ್ ಕಲ್ಲಿನ ಅಳತೆ ಮಾತ್ರ ನೋಡಿದ್ದಾರೆ. ರೋಗಿಯ ಮನೆಯವರು ಫೈಲನ್ನು ಬೀರುವಿನಲ್ಲಿಟ್ಟಿದ್ದಾರೆ. ವರ್ಷ ಕಳೆದ ಮೇಲೆ ಕೆಮ್ಮು ಶುರುವಾಗಿ ಹೊಸ ಸ್ಕ್ಯಾನ್ ಮಾಡಿಸಿದಾಗಲೇ ಹಳೆಯ ಸಾಲು ಕಣ್ಣಿಗೆ ಬೀಳುತ್ತದೆ.

ಇಲ್ಲಿ ಯಂತ್ರ ಕೆಟ್ಟಿರಲಿಲ್ಲ. ಚಿತ್ರ ನೋಡಿದ ತಜ್ಞರೂ ತಪ್ಪು ಮಾಡಲಿಲ್ಲ. ವಿಷಯ ಕಂಡಿತ್ತು, ಬರೆದೂ ಆಗಿತ್ತು. ಆದರೆ ತಲುಪಬೇಕಾದವರಿಗೆ ತಲುಪಲಿಲ್ಲ. ರೇಡಿಯಾಲಜಿಯಲ್ಲಿ ರೋಗಿಗೆ ಆಗುವ ಹಾನಿಯ ದೊಡ್ಡ ಪಾಲು ಹುಟ್ಟುವುದು ಇಂಥ ಕಡೆಯೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾಹಿತಿ ದಾಟುವ ಜಾಗದಲ್ಲಿ.

ಒಂದು ಸ್ಕ್ಯಾನ್, ಹಲವು ಕೈಗಳು

ಒಂದು ಸ್ಕ್ಯಾನ್ ಹಿಂದೆ ಕನಿಷ್ಠ ಐದು ಹಂತಗಳಿವೆ. ಚಿಕಿತ್ಸೆ ನೀಡುವ ಡಾಕ್ಟರ್ ಚೀಟಿ ಬರೆಯುತ್ತಾರೆ. ಕೌಂಟರಿನಲ್ಲಿ ಹೆಸರು ನೋಂದಣಿಯಾಗುತ್ತದೆ. ಟೆಕ್ನಿಷಿಯನ್ ರೋಗಿಯನ್ನು ಯಂತ್ರದ ಮೇಲೆ ಮಲಗಿಸಿ ಚಿತ್ರ ತೆಗೆಯುತ್ತಾರೆ. ರೇಡಿಯಾಲಜಿಸ್ಟ್ ಚಿತ್ರ ನೋಡಿ ವರದಿ ಬರೆಯುತ್ತಾರೆ. ಆ ವರದಿ ಮತ್ತೆ ಮೊದಲ ಡಾಕ್ಟರ್ ಕೈ ಸೇರಿ, ಅವರು ಮುಂದಿನ ಕ್ರಮ ಕೈಗೊಳ್ಳಬೇಕು. ಹೆಚ್ಚಿನ ರೋಗಿಗಳು ರೇಡಿಯಾಲಜಿಸ್ಟ್ ಮುಖವನ್ನೇ ನೋಡಿರುವುದಿಲ್ಲ. ರೇಡಿಯಾಲಜಿಸ್ಟ್ ಕೂಡ ಅಲ್ಟ್ರಾಸೌಂಡ್ ಬಿಟ್ಟರೆ ಬಹಳಷ್ಟು ಸಲ ರೋಗಿಯನ್ನು ನೋಡಿರುವುದಿಲ್ಲ. ಇಬ್ಬರ ನಡುವೆ ಇರುವುದು ಒಂದು ಚೀಟಿ, ಒಂದು ವರದಿ ಮಾತ್ರ.

ಚೀಟಿಯಲ್ಲಿ ಏನಿರಬೇಕು?

'ಸಿಟಿ ಹೊಟ್ಟೆ' ಎಂದಷ್ಟೇ ಬರೆದ ಚೀಟಿಗೂ, 'ಮೂರು ದಿನದಿಂದ ಬಲಗಡೆ ಕೆಳಹೊಟ್ಟೆ ನೋವು, ಜ್ವರ ಇದೆ, ಅಪೆಂಡಿಕ್ಸ್ ಇರಬಹುದೇ?' ಎಂದು ಕೇಳುವ ಚೀಟಿಗೂ ಬಹಳ ವ್ಯತ್ಯಾಸವಿದೆ. ಎರಡನೆಯದು ಬಂದಾಗ ಯಾವ ವಿಧಾನದಲ್ಲಿ ಸ್ಕ್ಯಾನ್ ಮಾಡಬೇಕು, ಕಾಂಟ್ರಾಸ್ಟ್ ಔಷಧ ಬೇಕೇ, ಎಲ್ಲಿ ಹೆಚ್ಚು ಗಮನ ಕೊಡಬೇಕು ಎಂಬುದು ಸ್ಪಷ್ಟವಾಗುತ್ತದೆ. ಸಿಟಿಯ ಅಗತ್ಯವೇ ಇಲ್ಲ, ಅಲ್ಟ್ರಾಸೌಂಡ್ ಸಾಕು ಎಂದು ರೇಡಿಯಾಲಜಿಸ್ಟ್ ಸಲಹೆ ಕೊಡಲೂ ಸಾಧ್ಯವಾಗುತ್ತದೆ.

ಹಳೆಯ ಸ್ಕ್ಯಾನ್‌ಗಳು ಕೂಡ ಚೀಟಿಯಷ್ಟೇ ಮುಖ್ಯ. ಶ್ವಾಸಕೋಶದಲ್ಲಿ ಕಂಡ ಗಂಟು ಎರಡು ವರ್ಷದ ಹಿಂದೆಯೂ ಅಷ್ಟೇ ಇತ್ತೇ, ಈಗ ಬೆಳೆದಿದೆಯೇ ಎಂಬುದನ್ನು ಹಳೆಯ ಚಿತ್ರ ಮಾತ್ರ ಹೇಳಬಲ್ಲದು. ಕೆಲಸಕ್ಕಾಗಿ ಊರು ಬದಲಿಸುವವರಲ್ಲಿ ಈ ತೊಂದರೆ ಜಾಸ್ತಿ. ಹುಬ್ಬಳ್ಳಿಯಲ್ಲಿ ಮಾಡಿಸಿದ ಸ್ಕ್ಯಾನ್ ಪುಣೆಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಫಿಲ್ಮ್ ಅಥವಾ ಸಿಡಿಯನ್ನು ರೋಗಿಯೇ ತರಬೇಕು.

ಹೆಸರು ಒಂದೇ, ರೋಗಿ ಬೇರೆ

ಒಂದೇ ದಿನ ಇಬ್ಬರು 'ಲಕ್ಷ್ಮಮ್ಮ' ಅಥವಾ ಮೂವರು 'ಮಂಜುನಾಥ' ಬರುವುದು ನಮ್ಮ ಆಸ್ಪತ್ರೆಗಳಲ್ಲಿ ಹೊಸದಲ್ಲ. ಆದ್ದರಿಂದಲೇ ಹೆಸರಿನ ಜೊತೆ ಹುಟ್ಟಿದ ದಿನಾಂಕ ಅಥವಾ ಆಸ್ಪತ್ರೆಯ ನೋಂದಣಿ ಸಂಖ್ಯೆ, ಹೀಗೆ ಕನಿಷ್ಠ ಎರಡು ಗುರುತುಗಳನ್ನು ನೋಡಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ನಿಯಮ.

ಕೇಳುವ ರೀತಿಯಲ್ಲೂ ವಿಷಯವಿದೆ. 'ನೀವು ಲಕ್ಷ್ಮಮ್ಮ ಅಲ್ವಾ?' ಎಂದರೆ ಸರಿಯಾಗಿ ಕೇಳಿಸದ, ಗಾಬರಿಯಲ್ಲಿರುವ ಹಿರಿಯರು 'ಹೂಂ' ಎಂದುಬಿಡುತ್ತಾರೆ. 'ನಿಮ್ಮ ಹೆಸರೇನು, ಯಾವ ಕಾಲಿಗೆ ನೋವು?' ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ಬಯಾಪ್ಸಿಯಂಥ ಸೂಜಿ ಚುಚ್ಚುವ ಪ್ರಕ್ರಿಯೆಗಳಿಗೆ ಮುನ್ನ ಇಡೀ ತಂಡ ಒಂದು ಕ್ಷಣ ನಿಂತು ರೋಗಿ, ಪ್ರಕ್ರಿಯೆ, ಎಡ-ಬಲ ಮೂರನ್ನೂ ಖಚಿತಪಡಿಸಿಕೊಳ್ಳುತ್ತದೆ. ಇದಕ್ಕೆ 'ಟೈಮ್ ಔಟ್' ಎನ್ನುತ್ತಾರೆ.

ಎಂಆರ್‌ಐ ಕೊಠಡಿ: ಆಯಸ್ಕಾಂತ ಸದಾ ಚಾಲೂ

2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ 32 ವರ್ಷದ ಸಂಬಂಧಿಯೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೊಠಡಿಯೊಳಗೆ ಹೋದರು. ಯಂತ್ರ ಸಿಲಿಂಡರನ್ನು ಅವರ ಸಮೇತ ಸೆಳೆದುಕೊಂಡಿತು, ಅವರು ಉಳಿಯಲಿಲ್ಲ. 2001ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಆರು ವರ್ಷದ ಬಾಲಕ ಸತ್ತಿದ್ದೂ ಹೀಗೆ ಹಾರಿಬಂದ ಸಿಲಿಂಡರಿನಿಂದಲೇ.

ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಎಂಆರ್‌ಐ ಯಂತ್ರದ ಆಯಸ್ಕಾಂತ ಶಕ್ತಿ ಭೂಮಿಯ ಆಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು ಹೆಚ್ಚು. ಸ್ಕ್ಯಾನಿಂಗ್ ನಡೆಯದಿದ್ದಾಗಲೂ ಈ ಆಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. 'ಮಷಿನ್ ಆಫ್ ಆಗಿದೆ, ಒಳಗೆ ಬನ್ನಿ' ಎಂಬ ಮಾತು ಎಂಆರ್‌ಐ ವಿಷಯದಲ್ಲಿ ಅಪಾಯಕಾರಿ.

ಸುರಕ್ಷಿತ ಎಂಆರ್‌ಐ ವಿಭಾಗವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿರುತ್ತಾರೆ. ಸಾರ್ವಜನಿಕರು ಓಡಾಡುವ ಜಾಗ ಮೊದಲನೆಯದು, ರೋಗಿಯನ್ನು ಪ್ರಶ್ನಿಸುವ ಜಾಗ ಎರಡನೆಯದು. ಸಿಬ್ಬಂದಿ ಜೊತೆಗಿಲ್ಲದೆ ಕಾಲಿಡಬಾರದ ಜಾಗ ಮೂರನೆಯದು, ಯಂತ್ರ ಇರುವ ಕೊಠಡಿ ನಾಲ್ಕನೆಯದು. ವಾರ್ಡ್ ಬಾಯ್, ಸ್ವಚ್ಛತಾ ಸಿಬ್ಬಂದಿ, ಸೆಕ್ಯುರಿಟಿಯವರು, ಜೊತೆಗೆ ಬಂದ ಸಂಬಂಧಿಕರು, ಎಲ್ಲರಿಗೂ ಒಂದೇ ನಿಯಮ.

ಒಳಗೆ ಹೋಗುವ ಮುನ್ನ ಕೇಳುವ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಡುವುದು ಜೀವದ ಪ್ರಶ್ನೆ:

* ಹೃದಯಕ್ಕೆ ಪೇಸ್‌ಮೇಕರ್ ಹಾಕಿದೆಯೇ?
* ಮಿದುಳಿನ ರಕ್ತನಾಳಕ್ಕೆ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆಯೇ?
* ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಬಿದ್ದಿತ್ತೇ?
* ಮೈಯಲ್ಲಿ ರಾಡು, ಸ್ಕ್ರೂ, ಸ್ಟೆಂಟ್ ಇದೆಯೇ? ಇದ್ದರೆ ಆಪರೇಷನ್ ಕಾಗದ ತಂದಿದ್ದಾರೆಯೇ?

ಎಲ್ಲ ಇಂಪ್ಲಾಂಟ್‌ಗಳೂ ಎಂಆರ್‌ಐಗೆ ಅಡ್ಡಿಯಲ್ಲ. ಕೆಲವು ಪೇಸ್‌ಮೇಕರ್‌ಗಳನ್ನು ಎಂಆರ್‌ಐ ಮಾಡಿಸಬಹುದಾದ ರೀತಿಯಲ್ಲೇ ತಯಾರಿಸಲಾಗಿದೆ. ಆದರೆ ಅದು ಯಾವ ಮಾದರಿ ಎಂಬುದು ಕಾಗದದಿಂದಲೇ ತಿಳಿಯಬೇಕು. ಮಾಂಗಲ್ಯ, ಮೂಗುತಿ, ಕಾಲುಂಗುರ, ಹೇರ್‌ಪಿನ್, ಸೀರೆಗೆ ಚುಚ್ಚಿದ ಪಿನ್ನು ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಚಿನ್ನ ಆಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೂ ಕೊಂಡಿಯಲ್ಲಿ ಬೇರೆ ಲೋಹ ಇರಬಹುದು, ಲೋಹ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ.

ಭಾಷೆ ಬಾರದ ಊರಿನಲ್ಲಿ

ಮಕ್ಕಳ ಮನೆಗೆಂದು ಮುಂಬೈ, ಚೆನ್ನೈ, ದೆಹಲಿಗೆ ಬರುವ ಎಷ್ಟೋ ಕನ್ನಡಿಗ ಅಪ್ಪ-ಅಮ್ಮಂದಿರಿಗೆ ಅಲ್ಲಿನ ಭಾಷೆ ಬರುವುದಿಲ್ಲ. ಮೇಲಿನ ಪ್ರಶ್ನೆಗಳು ಹಿಂದಿಯಲ್ಲೋ ತಮಿಳಿನಲ್ಲೋ ಇರುವ ಫಾರಂನಲ್ಲಿ ಬಂದರೆ, ಮಗ ಅಥವಾ ಸೊಸೆ ತಮಗೆ ತಿಳಿದಂತೆ 'ಇಲ್ಲ, ಇಲ್ಲ' ಎಂದು ಟಿಕ್ ಮಾಡಿ ಸಹಿ ಹಾಕುವುದುಂಟು. ಅತ್ತೆಗೆ ಇಪ್ಪತ್ತು ವರ್ಷದ ಹಿಂದೆ ಊರಿನಲ್ಲಿ ಆದ ಆಪರೇಷನ್ ಸೊಸೆಗೆ ಗೊತ್ತಿರದೇ ಇರಬಹುದು. ಗರ್ಭಿಣಿಯೇ, ಮುಟ್ಟಿನ ದಿನಾಂಕ ಯಾವುದು ಎಂಬ ಪ್ರಶ್ನೆಗೆ ಸಂಬಂಧಿಕರ ಎದುರು ಹೆಣ್ಣುಮಕ್ಕಳು ಸಂಕೋಚದಿಂದ ಸುಮ್ಮನಾಗುವುದೂ ಇದೆ.

ಸ್ಕ್ಯಾನ್ ನಡೆಯುವಾಗ ಕೇಳುವ 'ಉಸಿರು ಎಳೆದು ಹಿಡಿದುಕೊಳ್ಳಿ, ಅಲುಗಾಡಬೇಡಿ' ಎಂಬ ಸೂಚನೆ ಅರ್ಥವಾಗದಿದ್ದರೆ ಚಿತ್ರ ಮಸುಕಾಗುತ್ತದೆ. ಸಿಟಿಯಾದರೆ ಮತ್ತೆ ಸ್ಕ್ಯಾನ್, ಮತ್ತೆ ವಿಕಿರಣ. ಒಳಗೆ ಹೋಗುವ ಮುನ್ನವೇ ಆ ಎರಡು ಮಾತುಗಳನ್ನು ಮನೆಯವರು ಕನ್ನಡದಲ್ಲಿ ವಿವರಿಸಿ, ಒಮ್ಮೆ ಉಸಿರು ಹಿಡಿಸಿ ಅಭ್ಯಾಸ ಮಾಡಿಸಿದರೆ ಈ ತೊಂದರೆ ತಪ್ಪುತ್ತದೆ.

ಕಾಂಟ್ರಾಸ್ಟ್ ಇಂಜೆಕ್ಷನ್ ಮುನ್ನ

ರಕ್ತನಾಳ ಮತ್ತು ಗಡ್ಡೆಗಳು ಸ್ಪಷ್ಟವಾಗಿ ಕಾಣಲೆಂದು ಸಿಟಿಯಲ್ಲಿ ಅಯೋಡಿನ್ ಇರುವ, ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ಇರುವ ಕಾಂಟ್ರಾಸ್ಟ್ ಔಷಧ ಕೊಡುತ್ತಾರೆ. ಮೈ ಬಿಸಿಯಾದಂತೆ ಅನಿಸುವುದು, ಬಾಯಲ್ಲಿ ಲೋಹದ ರುಚಿ ಬರುವುದು ಸಹಜ. ತುರಿಕೆ, ದದ್ದು, ಉಸಿರಾಟದ ತೊಂದರೆ, ಗಂಟಲು ಬಿಗಿಯುವುದು ಸಹಜವಲ್ಲ, ತಕ್ಷಣ ಹೇಳಬೇಕು. ತೀವ್ರ ಅಲರ್ಜಿಯಾದರೆ ಮೊದಲು ಬೇಕಾಗುವ ಔಷಧ ಅಡ್ರಿನಲಿನ್. ಅದು ಕೈಗೆಟುಕುವಲ್ಲಿ ಇರಬೇಕು, ಕೊಡಲು ಬಲ್ಲವರೂ ಅಲ್ಲಿರಬೇಕು.

ಹಿಂದೆ ಕಾಂಟ್ರಾಸ್ಟ್‌ನಿಂದ ತೊಂದರೆ ಆಗಿದ್ದರೆ, ಕಿಡ್ನಿ ಸಮಸ್ಯೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುವುದು ಕಿಡ್ನಿಯ ಸ್ಥಿತಿ ತಿಳಿಯಲು. ಸಿಗಡಿ, ಏಡಿ ತಿಂದರೆ ಅಲರ್ಜಿಯಾಗುವವರಿಗೆ ಈ ಔಷಧ ಕೊಡಲೇಬಾರದು ಎಂಬ ನಂಬಿಕೆ ಮಾತ್ರ ಸರಿಯಲ್ಲ. ಎರಡಕ್ಕೂ ನೇರ ಸಂಬಂಧವಿಲ್ಲ.

ವಿಕಿರಣದ ಲೆಕ್ಕ

ಅಲ್ಟ್ರಾಸೌಂಡ್ ಮತ್ತು ಎಂಆರ್‌ಐನಲ್ಲಿ ಎಕ್ಸ್‌ರೇ ವಿಕಿರಣ ಇಲ್ಲ. ಎಕ್ಸ್‌ರೇ, ಮ್ಯಾಮೊಗ್ರಫಿ, ಸಿಟಿಯಲ್ಲಿ ಇದೆ. ಎದೆಯ ಒಂದು ಎಕ್ಸ್‌ರೇಯಿಂದ ಸಿಗುವ ಪ್ರಮಾಣ 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತ ಕಡಿಮೆ. ತಲೆಯ ಸಿಟಿಯಲ್ಲಿ ಸುಮಾರು 2, ಹೊಟ್ಟೆಯ ಸಿಟಿಯಲ್ಲಿ ಸುಮಾರು 8ರಿಂದ 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಗತ್ಯವಿದ್ದಾಗ ಸಿಟಿಗೆ ಹೆದರಿ ಹಿಂದೇಟು ಹಾಕಬಾರದು. ಅಗತ್ಯವಿಲ್ಲದಾಗ 'ಒಂದು ಸಲ ನೋಡೇಬಿಡೋಣ' ಎನ್ನಲೂಬಾರದು. ಮಕ್ಕಳಿಗೆ ಅವರ ಗಾತ್ರಕ್ಕೆ ತಕ್ಕಷ್ಟೇ ವಿಕಿರಣ ಬಳಸಬೇಕು ಎಂದು 2008ರಲ್ಲಿ ಅಮೆರಿಕದಲ್ಲಿ 'ಇಮೇಜ್ ಜೆಂಟ್ಲಿ' ಎಂಬ ಅಭಿಯಾನವೇ ಶುರುವಾಯಿತು.

ಭಾರತದಲ್ಲಿ ಈ ಕ್ಷೇತ್ರದ ಉಸ್ತುವಾರಿ ಅಣುಶಕ್ತಿ ನಿಯಂತ್ರಣ ಮಂಡಳಿಯದು (ಎಇಆರ್‌ಬಿ). 1983ರಲ್ಲಿ ಸ್ಥಾಪನೆಯಾದ ಈ ಮಂಡಳಿಯ ಕೇಂದ್ರ ಕಚೇರಿ ಮುಂಬೈನಲ್ಲಿದೆ. ಎಕ್ಸ್‌ರೇ, ಸಿಟಿ ಯಂತ್ರ ಇಟ್ಟುಕೊಳ್ಳುವ ಕೇಂದ್ರಗಳು ಮಂಡಳಿಯ 'ಇ-ಲೋರಾ' ವ್ಯವಸ್ಥೆಯ ಮೂಲಕ ಅನುಮತಿ ಪಡೆಯಬೇಕು, ಯಂತ್ರದ ಗುಣಮಟ್ಟವನ್ನು ನಿಯತವಾಗಿ ಪರೀಕ್ಷೆ ಮಾಡಿಸಬೇಕು. ಸಿಬ್ಬಂದಿ ಎದೆಯ ಮೇಲೆ ಕಾಣುವ ಟಿಎಲ್‌ಡಿ ಬ್ಯಾಡ್ಜ್ ಅವರಿಗೆ ತಗಲಿದ ವಿಕಿರಣವನ್ನು ಅಳೆಯುತ್ತದೆ. ಅವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ.

ಗುಣಮಟ್ಟ ಪರೀಕ್ಷೆ ಕಾಗದದ ಶಾಸ್ತ್ರವಾದರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್‌ನ ಆಸ್ಪತ್ರೆಯೊಂದರ ಪ್ರಕರಣ ಉದಾಹರಣೆ. ಪಾರ್ಶ್ವವಾಯು ಶಂಕೆಯ ರೋಗಿಗಳಿಗೆ ಮಾಡುವ ಮಿದುಳಿನ ಸಿಟಿಯ ಸೆಟ್ಟಿಂಗ್ ಬದಲಿಸಿದಾಗ ತಪ್ಪಾಗಿ, ಸುಮಾರು 18 ತಿಂಗಳು 206 ರೋಗಿಗಳಿಗೆ ನಿಗದಿತ ಪ್ರಮಾಣದ ಎಂಟು ಪಟ್ಟು ವಿಕಿರಣ ಹೋಯಿತು. 2009ರಲ್ಲಿ ರೋಗಿಯೊಬ್ಬರ ಕೂದಲು ಉದುರಿದಾಗಲೇ ವಿಷಯ ಹೊರಬಿದ್ದದ್ದು. ಪ್ರತಿ ಸ್ಕ್ಯಾನಿನಲ್ಲೂ ವಿಕಿರಣದ ಪ್ರಮಾಣ ಪರದೆಯ ಮೇಲೆ ಬರುತ್ತದೆ. ಅಂಕಿ ಇತ್ತು, ಆದರೆ ಇದು ಹೆಚ್ಚಾಯಿತಲ್ಲ ಎಂದು ಗಮನಿಸಿ ಹೇಳಿದವರಿರಲಿಲ್ಲ.

ತಜ್ಞರ ಕಣ್ಣೂ ತಪ್ಪಬಹುದು

1949ರಲ್ಲಿ ಅಮೆರಿಕದ ರೇಡಿಯಾಲಜಿಸ್ಟ್ ಲಿಯೋ ಹೆನ್ರಿ ಗಾರ್ಲ್ಯಾಂಡ್ ಎದೆಯ ಎಕ್ಸ್‌ರೇಗಳ ಬಗ್ಗೆ ಪ್ರಕಟಿಸಿದ ಲೆಕ್ಕ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಕಾಯಿಲೆ ಇದ್ದ ಚಿತ್ರಗಳಲ್ಲಿ ಸುಮಾರು ಶೇ. 30ರಷ್ಟು ಅನುಭವಿಗಳ ಕಣ್ಣಿಗೂ ತಪ್ಪಿದ್ದವು. 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಬೇಕೆಂದೇ ಗೊರಿಲ್ಲಾ ಚಿತ್ರ ಸೇರಿಸಿದ್ದರು. ಗಂಟುಗಳನ್ನು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಮಂದಿಗೆ ಅದು ಕಾಣಲೇ ಇಲ್ಲ. ಇದು ಅಸಡ್ಡೆಯ ಮಾತಲ್ಲ. ಒಂದನ್ನೇ ಹುಡುಕುವ ಕಣ್ಣಿಗೆ ಇನ್ನೊಂದು ಕಾಣದಿರುವುದು ಮನುಷ್ಯನ ಸ್ವಭಾವ. ಒಂದು ಮೂಳೆ ಮುರಿತ ಸಿಕ್ಕ ಕೂಡಲೇ ಹುಡುಕಾಟ ನಿಂತು, ಪಕ್ಕದ ಎರಡನೇ ಮುರಿತ ತಪ್ಪಿಹೋಗುವುದೂ ಹೀಗೆಯೇ.

ಆದ್ದರಿಂದ ಉತ್ತಮ ವಿಭಾಗಗಳು ತಪ್ಪೇ ಆಗುವುದಿಲ್ಲ ಎಂದು ಹೇಳಿಕೊಳ್ಳುವುದಿಲ್ಲ, ತಪ್ಪನ್ನು ಹಿಡಿಯುವ ವ್ಯವಸ್ಥೆ ಮಾಡಿಕೊಳ್ಳುತ್ತವೆ. ಒಬ್ಬರ ವರದಿಯನ್ನು ಇನ್ನೊಬ್ಬರು ಪರಿಶೀಲಿಸುವ 'ರಾಡ್‌ಪೀರ್' ಪದ್ಧತಿಯನ್ನು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2002ರಲ್ಲಿ ಆರಂಭಿಸಿತು. ಈಗ ಅಂಕ ಹಾಕುವುದಕ್ಕಿಂತ ತಪ್ಪಿದ ಪ್ರಕರಣಗಳನ್ನು ಎಲ್ಲರೂ ಕೂತು ಚರ್ಚಿಸಿ ಕಲಿಯುವ ಕ್ರಮಕ್ಕೆ ಹೆಚ್ಚು ಒತ್ತು. 'ತಪ್ಪು ಯಾರದು' ಎಂದು ಕೇಳಿದರೆ ಜನ ಮುಚ್ಚಿಡುತ್ತಾರೆ, 'ತಪ್ಪು ಹೇಗಾಯಿತು' ಎಂದು ಕೇಳಿದರೆ ಹೇಳುತ್ತಾರೆ. ಭಾರತದಲ್ಲಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ಎನ್‌ಎಬಿಎಚ್, ಸ್ಕ್ಯಾನಿಂಗ್ ಕೇಂದ್ರಗಳಿಗೂ ಪ್ರತ್ಯೇಕ ಮಾನದಂಡ ರೂಪಿಸಿದೆ.

ರಿಪೋರ್ಟಿನ ಭಾಷೆ ಅರ್ಥ ಮಾಡಿಕೊಳ್ಳುವುದು ಹೇಗೆ?

* ಇಂಪ್ರೆಷನ್: ವರದಿಯ ಸಾರಾಂಶ. ಮೊದಲು ಓದಬೇಕಾದದ್ದು ಇದೇ, ಆದರೆ ಇದೊಂದನ್ನೇ ಅಲ್ಲ.
* ಕ್ಲಿನಿಕಲ್ ಕೋರಿಲೇಷನ್: ಚಿತ್ರ ಒಂದರಿಂದಲೇ ತೀರ್ಮಾನಿಸಲಾಗದು, ರೋಗಿಯ ಲಕ್ಷಣಗಳ ಜೊತೆ ಡಾಕ್ಟರ್ ತಾಳೆ ನೋಡಬೇಕು.
* ನೋ ಎವಿಡೆನ್ಸ್ ಆಫ್: ಈ ಸ್ಕ್ಯಾನಿನಲ್ಲಿ ಆ ಕಾಯಿಲೆಯ ಗುರುತು ಕಾಣುತ್ತಿಲ್ಲ.
* ಇನ್ಸಿಡೆಂಟಲ್: ಹುಡುಕಲು ಹೋದದ್ದು ಒಂದು, ಜೊತೆಗೆ ಸಿಕ್ಕಿದ್ದು ಇನ್ನೊಂದು. ಬಹುಪಾಲು ನಿರುಪದ್ರವಿ. ಆದರೆ ಹೌದೋ ಅಲ್ಲವೋ ಎಂದು ಡಾಕ್ಟರ್ ಹೇಳಬೇಕು.
* ಫಾಲೋ ಅಪ್ ಅಡ್ವೈಸ್ಡ್: ಮತ್ತೆ ಪರೀಕ್ಷೆ ಬೇಕು. ಯಾವಾಗ, ಯಾವುದು ಎಂದು ಕೇಳಿ ದಿನಾಂಕ ಬರೆದಿಟ್ಟುಕೊಳ್ಳಬೇಕು.

ಎಲ್ಲರೂ ಒಂದೇ ಅರ್ಥದಲ್ಲಿ ಓದಬೇಕು ಎಂಬ ಕಾರಣಕ್ಕೆ ಹುಟ್ಟಿದ್ದು ಸ್ತನ ಪರೀಕ್ಷೆಯ 'ಬೈ-ರಾಡ್ಸ್' ಅಂಕಿ. 1993ರಲ್ಲಿ ಬಂದ ಈ ಪದ್ಧತಿಯಲ್ಲಿ 0ರಿಂದ 6ರವರೆಗೆ ದರ್ಜೆಗಳಿವೆ. 0 ಎಂದರೆ 'ಏನೂ ಇಲ್ಲ' ಎಂದಲ್ಲ, ಪರೀಕ್ಷೆ ಪೂರ್ಣವಾಗಿಲ್ಲ, ಇನ್ನಷ್ಟು ಚಿತ್ರ ಬೇಕು ಎಂದರ್ಥ. 3 ಎಂದರೆ ಬಹುಶಃ ತೊಂದರೆಯಿಲ್ಲದ್ದು, ಕ್ಯಾನ್ಸರ್ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಮತ್ತು 5 ಬಂದರೆ ಬಯಾಪ್ಸಿ ಬಗ್ಗೆ ಡಾಕ್ಟರನ್ನು ತಡಮಾಡದೆ ಕಾಣಬೇಕು.

ತುರ್ತು ವಿಷಯಕ್ಕೆ ಕಾಗದ ಸಾಲದು

ಮಿದುಳಿನಲ್ಲಿ ರಕ್ತಸ್ರಾವ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಒತ್ತಡದಿಂದ ಕುಗ್ಗಿದ ಶ್ವಾಸಕೋಶ ಇವು ಕಂಡಾಗ ವರದಿ ಟೈಪ್ ಆಗಿ ಬರುವವರೆಗೆ ಕಾಯುವಂತಿಲ್ಲ. ರೇಡಿಯಾಲಜಿಸ್ಟ್ ತಾವೇ ಫೋನ್ ಮಾಡಿ ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಹೇಳಬೇಕು. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಯಾರಿಗೆ, ಎಷ್ಟು ಗಂಟೆಗೆ ತಿಳಿಸಲಾಯಿತು ಎಂಬುದು ವರದಿಯಲ್ಲೇ ದಾಖಲಾಗಬೇಕು. ಹಲವು ಆಸ್ಪತ್ರೆಗಳಲ್ಲಿ ಇದಕ್ಕೆ ಕೆಂಪು, ಕಿತ್ತಳೆ, ಹಳದಿ ಎಂಬ ದರ್ಜೆಗಳಿವೆ. ಕೆಂಪು ಎಂದರೆ ಪ್ರಾಣಾಪಾಯ, ಒಂದು ಗಂಟೆಯೊಳಗೆ ನೇರವಾಗಿ ತಿಳಿಸಬೇಕು.

ಹಳದಿ ದರ್ಜೆಯ ಸಂಗತಿಗಳೇ ಹೆಚ್ಚು ಜಾರಿಹೋಗುವುದು. ಆರಂಭದಲ್ಲಿ ಹೇಳಿದ ಶ್ವಾಸಕೋಶದ ಗಂಟು ಈ ಗುಂಪಿನದು. ಇಂದೇ ಅಪಾಯವಿಲ್ಲ, ಮರೆತರೆ ಅಪಾಯ. ಇದನ್ನು ತಡೆಯಲು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ ಕಾನೂನು ತಂದು, ಗಮನಾರ್ಹ ದೋಷ ಕಂಡಾಗ ಸ್ಕ್ಯಾನಿಂಗ್ ಕೇಂದ್ರವೇ ರೋಗಿಗೆ ನೇರವಾಗಿ ತಿಳಿಸಬೇಕು ಎಂದಿತು. ಕಾನೂನು ಇಲ್ಲದೆಯೂ ಒಂದು ರಿಜಿಸ್ಟರ್ ಇಟ್ಟು, 'ಮೂರು ತಿಂಗಳಿಗೆ ಮತ್ತೆ ಸಿಟಿ' ಎಂದು ಬರೆದ ರೋಗಿ ಬಂದರೇ ಇಲ್ಲವೇ ಎಂದು ಫೋನ್ ಮಾಡಿ ಕೇಳುವ ಕೆಲಸ ಯಾವ ಸಣ್ಣ ಕೇಂದ್ರಕ್ಕೂ ಅಸಾಧ್ಯವಲ್ಲ.

ರಾತ್ರಿಯ ಸ್ಕ್ಯಾನ್‌ಗಳನ್ನು ದೂರದ ಊರಿನ ತಜ್ಞರು ಕಂಪ್ಯೂಟರಿನಲ್ಲಿ ನೋಡಿ ವರದಿ ಕೊಡುವ ಟೆಲಿರೇಡಿಯಾಲಜಿಯಲ್ಲಿ ಈ ಫೋನ್ ಕರೆಗೆ ಇನ್ನೂ ಹೆಚ್ಚಿನ ಬೆಲೆ. ಅಮೆರಿಕದ ಆಸ್ಪತ್ರೆಗಳ ರಾತ್ರಿಯ ಸ್ಕ್ಯಾನ್‌ಗಳನ್ನು ಹಗಲಿನಲ್ಲಿ ಓದುವ ಕೆಲಸ ಬೆಂಗಳೂರಿನಲ್ಲಿ 2000ದ ದಶಕದ ಆರಂಭದಿಂದಲೇ ನಡೆದಿದೆ. ಅಷ್ಟು ದೂರದಿಂದ ತುರ್ತು ಸಂಗತಿ ತಿಳಿಸಲು ಸಾಧ್ಯವಿರುವಾಗ, ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆ ಸಾಧ್ಯವಾಗದಿರಲು ಕಾರಣವಿಲ್ಲ.

ಗರ್ಭಿಣಿಯರ ಸ್ಕ್ಯಾನಿಂಗ್

ಗರ್ಭಿಣಿಯರಿಗೆ ಅಲ್ಟ್ರಾಸೌಂಡ್ ಮಾಡುವಾಗ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ 'ಫಾರ್ಮ್ ಎಫ್' ತುಂಬಬೇಕು. ಭ್ರೂಣದ ಲಿಂಗ ಹೇಳುವುದು, ಕೇಳುವುದು ಎರಡೂ ಅಪರಾಧ. ಮಾತಿನಲ್ಲಿ, ಸನ್ನೆಯಲ್ಲಿ ಯಾವ ರೀತಿಯಲ್ಲೂ ಹೇಳುವಂತಿಲ್ಲ. ಆದರೆ ಕಾನೂನು ನಿಷೇಧಿಸಿರುವುದು ಅದನ್ನು ಮಾತ್ರ. ಮಗುವಿನ ಬೆಳವಣಿಗೆ, ಹೃದಯ ಬಡಿತ, ಗರ್ಭಜಲದ ಪ್ರಮಾಣ, ಮಾಸು ಇರುವ ಜಾಗ, ಅಂಗಗಳಲ್ಲಿ ದೋಷವಿದೆಯೇ ಎಂಬುದನ್ನು ತಾಯಿ ಧಾರಾಳವಾಗಿ ಕೇಳಬಹುದು.

ರೋಗಿ ಮತ್ತು ಮನೆಯವರು ಮಾಡಬೇಕಾದದ್ದು

* ಈ ಪರೀಕ್ಷೆ ಏಕೆ, ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಡಾಕ್ಟರನ್ನು ಕೇಳಬೇಕು.
* ಹಳೆಯ ಫಿಲ್ಮ್, ಸಿಡಿ, ರಿಪೋರ್ಟ್, ಆಪರೇಷನ್ ಕಾಗದಗಳನ್ನು ಜೊತೆಗೆ ಒಯ್ಯಬೇಕು.
* ಅಲರ್ಜಿ, ಕಿಡ್ನಿ ತೊಂದರೆ, ಗರ್ಭಧಾರಣೆಯ ಸಾಧ್ಯತೆ, ಮೈಯೊಳಗಿನ ಲೋಹ, ಇವುಗಳನ್ನು ಕೇಳದಿದ್ದರೂ ಹೇಳಬೇಕು.
* ವರದಿಯಲ್ಲಿ ಹೆಸರು, ವಯಸ್ಸು, ದಿನಾಂಕ, ಎಡ-ಬಲ ಸರಿಯಿದೆಯೇ ನೋಡಬೇಕು.
* ರಿಪೋರ್ಟ್ ಬಂದ ಮೇಲೆ ಡಾಕ್ಟರನ್ನು ಕಾಣದೆ ಬಿಡಬಾರದು. 'ಏನಾದರೂ ಇದ್ದರೆ ಅವರೇ ಫೋನ್ ಮಾಡ್ತಾರೆ' ಎಂದು ಕೂರುವುದು ಸರಿಯಲ್ಲ.

ದಾಖಲೆ ಪಡೆಯುವುದು ರೋಗಿಯ ಹಕ್ಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ರೋಗಿ ಅಥವಾ ಅಧಿಕೃತ ಸಂಬಂಧಿ ಕೇಳಿದಾಗ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು.

ದುಬಾರಿ ಯಂತ್ರ, ಹೆಸರಾಂತ ಆಸ್ಪತ್ರೆ ಇದ್ದರೂ ಡಾಕ್ಟರನ್ನು ಕಂಡಾಗ ಎರಡು ಪ್ರಶ್ನೆ ಕೇಳದೆ ಎದ್ದು ಬರಬಾರದು: 'ರಿಪೋರ್ಟ್ ಪೂರ್ತಿ ಓದಿದಿರಾ ಡಾಕ್ಟ್ರೇ? ಇದರಲ್ಲಿ ಮತ್ತೆ ನೋಡಬೇಕಾದದ್ದು ಏನಾದರೂ ಇದೆಯಾ?' ಆ ಉತ್ತರ ಸಿಕ್ಕಿದ ಮೇಲೆಯೇ ಸ್ಕ್ಯಾನಿಂಗ್ ನಿಜವಾಗಿ ಮುಗಿದಂತೆ.